ತೊಮ್ಮಿದಿ, ತೊಂಬತ್ತು

ಈಗಲೂ ಯಾರಾದರೂ "ಬಾಯ್ಮುಚ್ಚು" ಅಂದರೆ ನನಗೆ ಒಂಬತ್ತರ ಮಗ್ಗಿ ಮರೆತುಹೋಗುತ್ತದೆ. ಆಂಧ್ರದ ಗಡಿಯಲ್ಲಿ, ವೈ.ಎನ್.ಹೊಸಕೋಟೆ ಹತ್ತಿರದ ನಮ್ಮೂರಲ್ಲಿ ಅಜ್ಜಿಯ ಜೊತೆ ಕಡಲೆಕಾಯಿ ಸುಲಿಯುತ್ತಾ ತೆಲುಗಿನಲ್ಲಿ ಮಗ್ಗಿ ಕಲಿತವಳು ನಾನು. ಹೈಸ್ಕೂಲಿಗೆಂದು ಮಧುಗಿರಿಯ ಹಾಸ್ಟೆಲ್ ಸೇರಿದ ಮೇಲೂ ಗೊಣಗಿಕೊಳ್ಳದೆ ಒಂದು ಲೆಕ್ಕವೂ ಸಾಗುತ್ತಿರಲಿಲ್ಲ.

"ಕೆಲವ್ರು ನೋಡಿ ಕಲೀತಾರೆ, ಕೆಲವ್ರು ಬರ್ದು ಬರ್ದು ಕಲೀತಾರೆ. ನೀನು ಬಾಯಲ್ಲಿ ಕಲಿಯೋಳು ಕಣಮ್ಮ," ಎಂದರು ಗಣಿತದ ಮೇಷ್ಟ್ರು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ. ಪರೀಕ್ಷೆ ಕೋಣೆಯಲ್ಲಿ ಬದುಕುತ್ತಾರೆಂದು ಮಾತ್ರ ಯಾರೂ ಹೇಳಿಲ್ಲ.

ಎಸ್ಸೆಸ್ಸೆಲ್ಸಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮೇಲ್ವಿಚಾರಕಿ ಮೇಜು ಕುಟ್ಟಿದರು. "ಯಾರ್ಗೆ ಹೇಳ್ಕೊಡ್ತಿದೀಯಾ? ಬಾಯ್ಮುಚ್ಚು!" ಮುಚ್ಚಿದ್ದೇ ತಡ, ತಲೆಯೊಳಗೆ ತೆಲುಗು ಕನ್ನಡ ಎರಡೂ ಕಲಸುಮೇಲೋಗರ. ತೊಮ್ಮಿದಿ ಅಂದರೆ ಒಂಬತ್ತು. ಗಾಬರಿಯಲ್ಲಿ ನಾನು ತೊಂಬತ್ತು ಬರೆದೆ. ಒಂದು ತಪ್ಪು ಇನ್ನೊಂದನ್ನು ಎಳೆದುಕೊಂಡು ಬಂತು. ಫೇಲಾದೆ.

ಅಪ್ಪ ಫೋನಿನಲ್ಲಿ ಬೈಯಲೂ ಇಲ್ಲ. "ದೊಡ್ಡ ಪರೀಕ್ಷೇಲೂ ಇಂಗೇ ಆದ್ರೆ ಓದು ಬುಟ್ಬುಟ್ಟು ಗಾರ್ಮೆಂಟ್ಸ್ ವ್ಯಾನ್ ಹತ್ತು, ಅಷ್ಟೇಯ." ಫ್ಯಾಕ್ಟರಿಗೆ ಹುಡುಗಿಯರನ್ನು ತುಂಬಿಕೊಂಡು ಹೋಗುವ ಆ ವ್ಯಾನು ದಿನಾ ಬೆಳಗ್ಗೆ ಹಾಸ್ಟೆಲ್ ಮುಂದೆಯೇ ಹಾರ್ನ್ ಹೊಡೆಯುತ್ತಿತ್ತು. ಕೇಳಿದ ಕೂಡಲೇ ನಾನು ಮಗ್ಗಿ ಶುರುಮಾಡುತ್ತಿದ್ದೆ.

ದೊಡ್ಡ ಪರೀಕ್ಷೆಯ ಕೋಣೆಯಲ್ಲಿ, ಗೋಡೆಯ ಮೂಲೆಯಲ್ಲಿ ಕ್ಯಾಮೆರಾ ಇತ್ತು. ತುಟಿ ಅಲ್ಲಾಡಿದರೂ ಕಾಪಿ ಅಂತ ಡಿಬಾರ್ ಮಾಡುತ್ತಾರೆಂದು ಹುಡುಗಿಯರು ಹೆದರಿಸಿದ್ದರು. ಹಲ್ಲು ಕಚ್ಚಿ ಕೂತೆ. ಮೊದಲ ಲೆಕ್ಕವೇ ಬರಲಿಲ್ಲ. ಅಂಗೈ ಬೆವರಿ ಉತ್ತರಪತ್ರಿಕೆಯ ಅಂಚು ಒದ್ದೆಯಾಯಿತು. ಬಾಯಿ ತೆರೆದರೆ ಡಿಬಾರ್, ಮುಚ್ಚಿದರೆ ವ್ಯಾನು. ಕೊನೆಗೆ ಬೆಂಚಿನ ಮೇಲೆ ಬಗ್ಗಿ ಉಸಿರಲ್ಲೇ ಒಂಬತ್ತರ ಮಗ್ಗಿ ಶುರುಮಾಡಿದೆ: "ತೊಮ್ಮಿದಿ ಮೂಳ್ಳು ಇರವೈ ಏಡು..."

ಪೆನ್ನು ಓಡತೊಡಗಿತು. ಅದರ ಹಿಂದೆಯೇ ಚಪ್ಪಲಿ ಸದ್ದು ಬಂದು ನನ್ನ ಪಕ್ಕ ನಿಂತಿತು. ಆವತ್ತಿನ ಮೇಲ್ವಿಚಾರಕರು ಬೇರೆ ಶಾಲೆಯವರು, ವಯಸ್ಸಾದವರು. ಬಗ್ಗಿ ಕಿವಿಗೊಟ್ಟರು. ಅರ್ಧಕ್ಕೆ ನಿಲ್ಲಿಸಿದರೆ ಲೆಕ್ಕವೇ ಹೋಗಿಬಿಡುತ್ತದೆಂದು ಹೇಳಿಕೊಳ್ಳುತ್ತಲೇ ಹೋದೆ. ಅವರ ಕೈ ನನ್ನ ಉತ್ತರಪತ್ರಿಕೆಯ ಕಡೆ ಬಂತು. ಕಿತ್ತುಕೊಂಡರು, ಮುಗೀತು ನನ್ನ ಕಥೆ ಅಂತ ಕಣ್ಣು ಮುಚ್ಚಿದೆ.

ಕೈ ಬೆಂಚನ್ನು ಒಮ್ಮೆ ತಟ್ಟಿತು, ಅಷ್ಟೆ.

"ಮೆಲ್ಲಗಾ ಚೆಪ್ಪುಕೋ ತಲ್ಲೀ."

ಮೆಲ್ಲಗೆ ಹೇಳಿಕೋ ತಾಯಿ. ಥೇಟ್ ನಮ್ಮಜ್ಜಿಯ ಮಾತು. ನಾನು ಕಣ್ಣು ಬಿಟ್ಟಾಗ ಅವರು ಕ್ಯಾಮೆರಾಕ್ಕೆ ಬೆನ್ನು ಮಾಡಿ, ಅದಕ್ಕೂ ನನಗೂ ನಡುವೆ ನಿಂತಿದ್ದರು.