ಯಾವ ‘ಆಯ್ತು’?

ತಡವಾಗಿ ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮದುವೆ ಕಾರ್ಡು ಅಚ್ಚು ಹಾಕುವವನ ಹಣೆಬರಹವೇ ಅದು. ಮುಹೂರ್ತ ಹತ್ತಿರ ಬಂದ ಮೇಲೆ ಓಡಿ ಬಂದು ‘ಸಂಜೆಗೇ ಬೇಕು’ ಎನ್ನುವವರೇ ಎಲ್ಲರೂ. ಇಡೀ ಕನಕಪುರದಲ್ಲಿ ಹೊತ್ತಿಗೆ ಸರಿಯಾದ ಮನುಷ್ಯರೆಂದರೆ ನನ್ನ ಲೆಕ್ಕಕ್ಕೆ ಒಬ್ಬರೇ, ಪಕ್ಕದ ಶಾಮಿಯಾನ ಅಂಗಡಿಯ ದೊಡ್ಡಲಕ್ಷ್ಮಮ್ಮ.

ಉಯ್ಯಂಬಳ್ಳಿ ಕಡೆಯ ಹೆಣ್ಣುಮಗಳು, ಗಂಟಲೂ ಗಟ್ಟಿ, ಮನಸ್ಸೂ ಗಟ್ಟಿ. ಅಡುಗೆ ಪಾತ್ರೆ ಬಾಡಿಗೆಗೆ ಕೊಡುತ್ತ ಶುರು ಮಾಡಿದವರು ಈಗ ಸರ್ಕಾರಿ ಸಮಾರಂಭಗಳಿಗೂ ಶಾಮಿಯಾನ ಹಾಕುತ್ತಾರೆ. ಅದಕ್ಕಾಗಿಯೇ ಜಿಎಸ್‌ಟಿ ನಂಬರನ್ನೂ ಮಾಡಿಸಿದ್ದು. ಟೆಂಪೋ ಹಿಂದೆ ‘ಹೇಳಿದ ಹೊತ್ತಿಗೆ’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದಾರೆ. ಮದುಮಗ ತಡವಾದಾನು, ಪುರೋಹಿತರು ತಡವಾದಾರು, ಇವರ ಶಾಮಿಯಾನ ಮಾತ್ರ ಹಿಂದಿನ ದಿನವೇ ಎದ್ದು ನಿಂತಿರುತ್ತದೆ.

ಕಳೆದ ಬೇಸಿಗೆಯಲ್ಲಿ ಒಂದು ಶುಕ್ರವಾರ ಬೆಳಗ್ಗೆ ಅವರು ಮೊಬೈಲು ಹಿಡಿದು ನನ್ನ ಅಂಗಡಿಗೆ ಬಂದರು.

“ಗಂಗಣ್ಣ, ಇದೇನೋ ಇಂಗ್ಲಿಷ್ನಾಗೆ ಬಂದೈತೆ. ಒಸಿ ಓದು.”

ನನ್ನ ದನಿಯೂ ಸಣ್ಣದಲ್ಲ. ಕಾರ್ಡು ಆರಿಸಲು ಬಂದವರೆಲ್ಲ ಕೇಳುವಂತೆ ಓದಿಬಿಟ್ಟೆ: ಹೋದ ತಿಂಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸಿಲ್ಲ, ಗಡುವು ಮುಗಿದಿದೆ, ಇನ್ನು ದಿನದಿನಕ್ಕೂ ಲೇಟ್ ಫೀ.

“ಲೇಟಾ? ನಾನಾ?”

ಅವರ ಮುಖ ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಬಾಯಿ ಮುಚ್ಚಿಕೊಂಡು ಓದಬಾರದಿತ್ತೇ! ಅಷ್ಟರಲ್ಲಿ ಅವರು ರಸ್ತೆ ದಾಟಿಯಾಗಿತ್ತು. ಎದುರು ಸಾಲಿನಲ್ಲಿ ಅಸದುಲ್ಲಾ ತೆರಿಗೆ ಲೆಕ್ಕ ನೋಡುತ್ತಾರೆ. ಊರೆಲ್ಲ ಅವರನ್ನು ‘ಆಡಿಟ್ರು’ ಎಂದೇ ಕರೆಯುವುದು. ನಾನೂ ಹಿಂದೆಯೇ ಓಡಿದೆ.

“ಆಡಿಟ್ರೇ, ರಿಟರ್ನ್ ಏನಾಯ್ತು ಅಂತ ಕೇಳಿದ್ಕೆ ಆಯ್ತು ಅಂದ್ರಲ್ಲ! ದಂಡಾನೂ ನೀವೇ ಕಟ್ಟಿ.”

“ಅಕ್ಕ, ನಾನಂದಿದ್ದು ‘ಆಯ್ತು, ಬಿಲ್ ಕಳ್ಸಿ, ಹಾಕ್ತೀನಿ’ ಅಂತ. ನೀವು ಆಯ್ತು ಅನ್ನೋದ್ ಕೇಳ್ತಿದ್ದಂಗೆ ಫೋನ್ ಮಡಗ್ಬುಟ್ರಿ.”

ನಮ್ಮ ಮಾತೇ ಹಾಗೆ. ಮಾಡಿ ಮುಗಿಸಿದ್ದಕ್ಕೂ ಆಯ್ತು, ಮಾಡುತ್ತೇನೆ ಎನ್ನುವುದಕ್ಕೂ ಆಯ್ತು.

“ಬಿಲ್ ಬರ್ನಿಲ್ಲ ಅಂತ ಕೇಳಕ್ಕೇನಾಗಿತ್ತು ನಿಮ್ಗೆ?”

“ಅದು ನನ್ ತಪ್ಪೇ ಅಕ್ಕ. ಆದ್ರೆ ನಂಬರ್ ನಿಮ್ ಹೆಸರ್ನಾಗೈತೆ. ಸರ್ಕಾರ ಕೇಳೋದು ನಿಮ್ಮನ್ನೇ.”

“ಮರೆಯೋರು ನೀವು, ಹೆಸ್ರು ಕೆಡೋದು ನಂದಾ? ಇನ್ಮೇಲೆ ನನ್ ಲೆಕ್ಕ ನೀವ್ ನೋಡ್ಬ್ಯಾಡಿ!”

ಅಸದುಲ್ಲಾ ಮಾತು ತಣ್ಣಗಾಗಲಿ ಎಂದು, “ಅದಿರ್ಲಿ ಅಕ್ಕ. ನಾಡಿದ್ದು ಮಗಳು ನೂರ್ಜಹಾನ್ ನಿಕಾಹ್. ಶಾಮಿಯಾನ ನಾಳೆ ಸಂಜೆಗೆ ಬತ್ತದಲ್ಲ?” ಎಂದರು.

ಬಾಗಿಲ ಕಡೆ ಹೊರಟಿದ್ದ ದೊಡ್ಡಲಕ್ಷ್ಮಮ್ಮ ತಿರುಗಿದರು.

“ಯಾವಾಗ್ ಹೇಳಿದ್ರಿ?”

“ಯುಗಾದಿಗ್ ಮುಂಚೇನೇ ಫೋನ್ ಮಾಡಿದ್ನಲ್ಲ. ಆಯ್ತು ಅಂದ್ರಿ.”

ಅಂದಿದ್ದರು. ‘ಹಾಕೋಣ ಬಿಡಿ’ ಎನ್ನುವ ಆಯ್ತು ಅದು. ಆಮೇಲೆ ಮರೆತೇ ಹೋಗಿತ್ತು. ಇದ್ದಬದ್ದ ಬಟ್ಟೆ, ಕಂಬ, ಕುರ್ಚಿಯೆಲ್ಲ ಆ ಭಾನುವಾರ ಮರಳವಾಡಿಯ ಮದುವೆಗೆ ಬುಕ್ ಆಗಿದ್ದವು. ಬಿರುಬಿಸಿಲಲ್ಲಿ ಹೆಣ್ಣಿನ ಮನೆ ಮುಂದೆ ಬೀಗರು ನಿಲ್ಲುವುದೆಲ್ಲಿ? ಟೆಂಪೋ ಹಿಂದಿನ ಬರಹ ಅಳಿಸಬೇಕಾಗುತ್ತಿತ್ತು.

ಸಾತನೂರಿನಲ್ಲಿ ಅಂಕಯ್ಯನಿಗೂ ಶಾಮಿಯಾನ ಅಂಗಡಿಯಿದೆ. ಯಾವುದೋ ಟೆಂಡರ್ ಜಗಳದಿಂದ ಇಬ್ಬರಿಗೂ ಮಾತಿಲ್ಲ. ದೊಡ್ಡಲಕ್ಷ್ಮಮ್ಮ ಅಲ್ಲೇ ಕುಕ್ಕರಿಸಿ ಅವನಿಗೆ ಫೋನು ಮಾಡಿದರು. ಅವರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿಯೇ ಇರಲಿಲ್ಲ. “ಅಂಕಯ್ಯ, ನಾನು ಕಣಪ್ಪ. ಮಾತ್ ಕೊಟ್ಟು ಸಿಕ್ಕಾಕ್ಕೊಂಡಿವ್ನಿ. ಬಾಡಿಗೆ ನಾನ್ ಕೊಡ್ತೀನಿ, ನಾಳೆ ಸಂಜೆಗೆ ಇಲ್ಲಿ ಶಾಮಿಯಾನ ನಿಲ್ಲಿಸ್ಬುಡು.”

ಅಂಕಯ್ಯ ‘ಆಯ್ತು’ ಎಂದದ್ದು ನನಗೂ ಕೇಳಿಸಿತು.

“ಯಾವ ಆಯ್ತು? ಬಟ್ಟೆ ಐತಾ? ಒಳಕ್ಕೋಗಿ ನೋಡ್ಬುಟ್ಟು ಹೇಳು!”

ಅವನು ನೋಡಿ ಬಂದು ಇದೆ ಎಂದ ಮೇಲೆಯೇ ಫೋನು ಇಟ್ಟಿದ್ದು. ನೀರು ಕುಡಿದು, ಅಸದುಲ್ಲಾ ಕಡೆ ತಿರುಗಿದರು.

“ನಾಳೆ ಅಂಕಯ್ಯ ಲೇಟ್ ಮಾಡಿದ್ರೆ ಯಾರ್ನ ಬಯ್ತೀರಿ?”

“ನಿಮ್ಮನ್ನೇ ಅಕ್ಕ. ಅಂಕಯ್ಯ ಯಾರೋ ನನಗೇನ್ ಗೊತ್ತು?”

“ಅಂಗೇ ಸರ್ಕಾರಕ್ಕೆ ನೀವ್ಯಾರೋ ಗೊತ್ತಿಲ್ಲ. ಸರಿ ಬುಡಿ, ದಂಡ ನಾನೇ ಕಟ್ತೀನಿ. ಬೈಸ್ಕೊಳೋದು ಮಾತ್ರ ನೀವೇ.”

ಆಮೇಲೆ ಅವರು ಬೈದ ಬೈಗುಳವನ್ನು ಅಚ್ಚು ಹಾಕುವಂತಿಲ್ಲ. ಅಸದುಲ್ಲಾ ತಲೆ ತಗ್ಗಿಸಿ ಕೇಳಿಸಿಕೊಂಡು, ಕೊನೆಗೆ ಚಹ ತರಿಸಿದರು. ಬಿಲ್ಲಿನ ಚೀಲ ಟೆಂಪೋದಲ್ಲೇ ಬಿದ್ದಿತ್ತು. ದೊಡ್ಡಲಕ್ಷ್ಮಮ್ಮ ಅದನ್ನು ತಂದು ಅವರ ಮೇಜಿನ ಮೇಲೆ ಸುರಿದು ಹೋದರು.

ಭಾನುವಾರ ಅಂಕಯ್ಯನ ಹಸಿರು ಶಾಮಿಯಾನದ ತಂಪಿನಲ್ಲಿ ನಿಕಾಹ್ ನಡೆಯಿತು. ಊಟಕ್ಕೆ ದೊಡ್ಡಲಕ್ಷ್ಮಮ್ಮನೂ ನಾನೂ ಅಕ್ಕಪಕ್ಕ ಕೂತಿದ್ದೆವು. ಅಸದುಲ್ಲಾ ತಾವೇ ಬಿರಿಯಾನಿ ಬಡಿಸುತ್ತ ಬಂದರು.

“ರಿಟರ್ನ್ ಏನಾಯ್ತು ಆಡಿಟ್ರೇ?”

“ಆಯ್ತಕ್ಕ.”

ಬಾಯಿಗೆ ಹೋಗುತ್ತಿದ್ದ ತುತ್ತು ತಟ್ಟೆಗೆ ಇಳಿಯಿತು.

“ಯಾವ ಆಯ್ತು?”

ಹೆಣ್ಣಿನ ತಂದೆ ಸೌಟು ಪಕ್ಕಕ್ಕಿಟ್ಟು, ಜೇಬಿನಿಂದ ಮೊಬೈಲು ತೆಗೆದು ಅವರ ಮುಂದೆ ಹಿಡಿದರು. ದೊಡ್ಡಲಕ್ಷ್ಮಮ್ಮ ಅದನ್ನು ನನ್ನ ಕಡೆ ತಳ್ಳಿದರು. ಪಂಕ್ತಿಯೆಲ್ಲ ಕೇಳುವಂತೆ ಓದಿದೆ: “ಸಲ್ಲಿಕೆಯಾಗಿದೆ!”

“ಇನ್ನೊಂದ್ ದಪ ಓದು ಗಂಗಣ್ಣ,” ಎಂದು ಅವರು ತುತ್ತು ಎತ್ತಿದರು, “ಒಸಿ ಗಟ್ಟಿಯಾಗಿ.”