ಅರಿಷಿಣ ಹಚಗೊಂಡು ಬಂದ ಮರಿ

ಕೊಟ್ರು! ಅಕ್ಕೋರು ಮರಿ ಕೊಟ್ಟಬಿಟ್ರು!

ಅವತ್ತು ನಮ್ಮ ಅಂಗಳದಾಗ ನಿಂತು ಓಣಿಗೆಲ್ಲಾ ಕೇಳೂಹಂಗ ನಾ ಒದರಿದ್ದು ಇಷ್ಟ. ಬಾಜೂ ಮನಿಯಾಕಿ ಗ್ವಾಡಿ ಮ್ಯಾಲಿಂದ ಹಣಿಕಿ ಹಾಕಿ, "ಏನ್ರಿ ಕಾಕಾ, ಯಾರದರ ಲಗ್ನ ಗೊತ್ತಾತೇನು?" ಅಂದ್ಳು. "ಲಗ್ನಕ್ಕಿಂತ ದೊಡ್ಡದವ್ವಾ, ನಾಯಿಮರಿ ಬಂತು!" ಅಂದೆ. ಆಕಿ ನಕ್ಕೋತ ಒಳಗ ಹೋದ್ಳು. ನಗಲಿ. ಮೂರನೇ ಇಯತ್ತಾಕ್ಕ ಸಾಲಿ ಬಿಟ್ಟಾಂವ ನಾ, ಆದ್ರೂ ಆ ದಿನದ್ದು ಬರದ ಇಡಬೇಕು ಅನಸೇತಿ.

ನಮ್ಮ ಸೊಸಿ ಹುಕ್ಕೇರಿಯಾಕಿ. ಆಕಿಗೆ ಸಣ್ಣಾಕಿದ್ದಾಗ ಪಾಠ ಹೇಳಿದ ಅಕ್ಕೋರು ರಿಟಾಯರ್ ಆಗಿ ಗೋಕಾಕದಾಗ ಇದ್ರು. ರಸ್ತೆದಾಗ ದಿಕ್ಕಿಲ್ಲದ ಮರಿ ಸಿಕ್ರ ಮನಿಗೆ ತಂದು, ಜ್ವಾಪಾನ ಮಾಡಿ, ಚಲೋ ಮನಿ ಹುಡುಕಿ ಕೊಡತಿದ್ರು. ಈ ಮರಿ ಸಿಕ್ಕಿದ್ದು ಯಮಕನಮರಡಿ ಕಡೆ ಹೈವೇ ಮ್ಯಾಲ. ತಾಯಿ ಲಾರಿಗೆ ಸಿಕ್ಕು ಸತ್ತಿತ್ತು, ಇದು ಬಾಜೂಕ ಕುಂತಿತ್ತಂತ. ಕೆಂದು ಮೈ, ಒಂದು ಕಿವಿ ನೆಟ್ಟಗ, ಇನ್ನೊಂದು ಜೋತಬಿದ್ದದ್ದು. ಹೆಣ್ಣು.

ನಮ್ಮ ಏಳು ವರ್ಷದ ಮೊಮ್ಮಗಳು ಗೋಕಾಕಕ್ಕ ಹೋದಾಗ ಅದನ್ನ ನೋಡಿ ಬಂದ್ಳು. ಬಂದಾಕಿ ಉಣ್ಣುವಾಗ, ಮಲಗುವಾಗ ಬರೇ ಅದರದ್ದ ಮಾತು. ಖರೆ ಹೇಳಬೇಕಂದ್ರ ನಾನೂ ಜೋಡಿ ಹೋಗಿದ್ದೆ. ಮರಿ ನನ್ನ ಧೋತರದ ಚುಂಗು ಹಿಡಕೊಂಡು ಅಕ್ಕೋರ ಅಂಗಳ ತುಂಬ ನನ್ನ ತಿರುಗಿಸಿತ್ತು. ಧೋತರ ಹರದದ್ದು ನೋಡಿ ಹೆಂಡ್ತಿ ಬೈದ್ಳು. ನನಗ ನಗಿನ ತಡಕೊಳ್ಳಾಕ ಆಗಲಿಲ್ಲ. ಮರಿ ಬೇಕಾಗಿದ್ದು ಮೊಮ್ಮಗಳೊಬ್ಬಾಕಿಗೇ ಅಲ್ಲ ಅಂತ ಆಗ ನನಗ ತಿಳೀತು.

ಆದ್ರ ಅಕ್ಕೋರು ಸುಮ್ಮನ ಕೊಡೂವರಲ್ಲ. ಕಿರಾಣಿ ಅಂಗಡಿಯ ಎಸ್‌ಟಿಡಿಗೆ ಫೋನ್ ಮಾಡಿ ಸೊಸಿಗೆ ಹೇಳಿದ್ರಂತ: "ಇದನ್ನ ಒಂದ ಸಲ ಕೊಟ್ಟಿದ್ದೆ. ಇದರ ಹಾರಾಟ ತಾಳಲಾರದ ಎಂಟ ದಿನಕ್ಕ ಹೊಳ್ಳಿ ತಂದು ಬಿಟ್ಟು ಹೋದ್ರು. ಮೂರು ದಿನ ಮೂಲ್ಯಾಗ ಮಾರಿ ಇಟ್ಟು ಕುಂತಿತ್ತು. ಇನ್ನೊಮ್ಮಿ ಹಂಗ ಆದ್ರ ನಾ ನೋಡಲಾರೆ. ಮೊದಲ ಮನಿ ನೋಡತೇನಿ, ಆಮ್ಯಾಲ ಮಾತು."

ಮನಿ ನೋಡಾಕ ಬರ್ತಾರ! ನನ್ನ ಹೆಂಡ್ತಿಗೆ ನಗಿ. "ಹೆಣ್ಣಿನ ಕಡೆಯವರು ಬರಾಕತ್ತಾರ, ಗಡ್ಡಾ ಮಾಡ್ಸ್ಕೊಂಡ ಬರ್ರಿ" ಅಂತ ನನ್ನ ಕಾಡಿದ್ಳು. ಕಾಡಿದ್ರೂ ತಾನ ಪಡಸಾಲಿ ಸಾರಿಸಿ ಜಮಖಾನ ಹಾಸಿದ್ಳು, ಶೇಂಗಾ ಉಂಡಿ ಕಟ್ಟಿದ್ಳು. ನಾ ಮೂಡಲಗಿ ಸಂತಿಗೆ ಹೋಗಿ ಹಿತ್ತಾಳಿ ಗೆಜ್ಜಿ ಪೋಣಿಸಿದ ಒಂದು ಸರಪಳಿ ತಂದೆ. ಗಂಡಿನ ಕಡೆಯವರು ಹಾಕೂ ದಾಗೀನ ಮೊದಲ ತೋರಸ್ತಾರಲ್ಲಾ, ಹಂಗ ತೋರಸೂಣಂತ ಜಮಖಾನದ ಮ್ಯಾಲ ಎದ್ದು ಕಾಣೂಹಂಗ ಇಟ್ಟೆ.

ಸಂಜಿ ನಾಕರ ಬಸ್ಸಿಗೆ ಅಕ್ಕೋರು ಬಂದು ಪಡಸಾಲ್ಯಾಗ ಕುಂತ್ರು. ತೊಡಿ ಮ್ಯಾಲ ಮುಚ್ಚಿದ ಬುಟ್ಟಿ, ಬುಟ್ಟ್ಯಾಗ ಕುಂಯ್ ಕುಂಯ್. ಉಂಡಿ ಮುಟ್ಟಲಿಲ್ಲ. ಕೇಳಾಕ ಸುರು ಮಾಡಿದ್ರು.

"ನೀವು ಜೈನರು. ತತ್ತಿ ಗಿತ್ತಿ ಇರೂದಿಲ್ಲ. ಏನ ಹಾಕ್ತೀರಿ?"

"ಹಾಲು, ಮೊಸರು, ರೊಟ್ಟಿ. ಮನ್ಯಾಗ ಎರಡು ಎಮ್ಮಿ ಅದಾವ್ರಿ" ಅಂದ್ಳು ಹೆಂಡ್ತಿ.

"ಹಗಲ ಹೊತ್ತು ಇದರ ಜೋಡಿ ಯಾರ ಇರ್ತೀರಿ?"

"ನಾ ಇರ್ತೇನ್ರಿ" ಅಂದೆ.

"ಇದು ಬಾಳ ಓಡತೈತಿ ಅಜ್ಜಾರ. ನಿಮ್ಮ ಮೊಣಕಾಲು ಹೆಂಗದಾವ?"

"ಏನೂ ಬ್ಯಾನಿ ಇಲ್ರಿ, ಕುದರಿ ಇದ್ದಂಗ ಅದೇನಿ."

"ಸುಳ್ಳು!" ಅಂದ್ಳು ಮೊಮ್ಮಗಳು. "ನಿನ್ನಿ ಎಣ್ಣಿ ತಿಕ್ಕುವಾಗ ಯವ್ವಾ ಯವ್ವಾ ಅಂತ ಒದರಿದ್ದಿ ಅಜ್ಜಾ."

ಅಕ್ಕೋರು ನಗಲಿಲ್ಲ. ಅವರ ಕಣ್ಣು ಸರಪಳಿ ಮ್ಯಾಲ ಬಿದ್ದಿತ್ತು. "ಇದು ಯಾರಿಗ್ರಿ?"

ನಾ ಎದಿ ಉಬ್ಬಿಸಿ, "ಮರಿಗಿ! ಗೆಜ್ಜಿ ನೋಡ್ರಿ ಹೆಂಗ ಅದಾವ!" ಅಂದೆ.

ಅವರು ಬುಟ್ಟಿ ಮುಚ್ಚಳ ಗಟ್ಟಿ ಹಿಡಕೊಂಡ್ರು. "ಹಿಂದಿನ ಮನಿಯವರೂ ಕಟ್ಟಿ ಹಾಕಿದ್ರು ಅಜ್ಜಾರ. ವಿಚಾರ ಮಾಡಿ ಹೇಳತೇನಿ" ಅಂತ ಎದ್ದ ನಿಂತ್ರು.

ವಿಚಾರ ಮಾಡಿ ಹೇಳತೇನಿ ಅಂದ್ರ ಏನಂತ ನಮಗ ಗೊತ್ತಿಲ್ಲೇನು? ಮಗನಿಗೆ ಕನ್ಯಾ ನೋಡುವಾಗ ಮೂರು ಮನಿಯವರು ಹಂಗ ಅಂದು ಮಾರಿ ತೋರಿಸಿರಲಿಲ್ಲ. ಮೊಮ್ಮಗಳ ತುಟಿ ನಡುಗಾಕತ್ತಿತು. ನಾ ಸರಪಳಿ ಜಮಖಾನದ ಕೆಳಗ ಸರಿಸಿದೆ. ಚಂದ ಕಾಣಲಿ ಅಂತ ತಂದಿದ್ದ ಸರಪಳಿ, ಅದರಿಂದನ ಕೆಟ್ಟಿತಲ್ಲಾ!

ಅಕ್ಕೋರು ಚಪ್ಪಲಿ ಮೆಟ್ಟಾಕ ಬಗ್ಗಿದ್ರು ನೋಡ್ರಿ, ಬುಟ್ಟಿ ವಾಲಿ ಮುಚ್ಚಳ ಸರೀತು. ಮರಿ ಟಣ್ಣಂತ ಜಿಗೀತು. ಉಂಡಿ ತಾಟು ಕೆಡವಿತು. ಹಿತ್ತಲಕ್ಕ ಓಡಿ ಎಮ್ಮಿ ನೀರು ಕುಡಿಯೂ ದೋಣ್ಯಾಗ ಬಿತ್ತು. ಎದ್ದು ಮೈ ಝಾಡಿಸಿ, ಸೀದಾ ನನ್ನ ಮಗ ಅರಿಷಿಣ ಪಾಲಿಶ್ ಮಾಡೂ ಡ್ರಮ್ಮಿನ ಕಡೆ ನಡೀತು. ಒಣಗಿದ ಅರಿಷಿಣ ಡ್ರಮ್ಮಿನಾಗ ತಿರುಗಿಸಿದ್ರ ಮ್ಯಾಲಿನ ಸಿಪ್ಪಿ ಉದರಿ ಹಳದಿ ಪುಡಿ ಬೀಳತೈತಿ. ಆ ಗುಡ್ಡಿಯೊಳಗ ಹಸಿ ಮೈಲೆ ಹೊಳ್ಳಾಡಿತು, ಹೊಳ್ಳಾಡಿತು!

"ಯಪ್ಪಾ, ಹಿಡೀರಿ, ಹಿಡೀರಿ!" ಅಂತ ಮಗ ಒದರಿದ. ನಾ ಓಡಿದೆ. ಮೊಣಕಾಲು ನೆನಪ ಆಗಲಿಲ್ಲ. ದನದ ಕೊಟ್ಟಿಗಿ ಸುತ್ತ ಎರಡು ಸುತ್ತು, ತುಳಸಿ ಕಟ್ಟಿ ಸುತ್ತ ಒಂದು ಸುತ್ತು. ಕಡೀಕ ನಾನ ಬಿದ್ದೆ. ಬಿದ್ದಾಂವನ ಎದಿ ಮ್ಯಾಲ ಅದು ಹತ್ತಿ ಕುಂತು ಮೂಗು ನೆಕ್ಕಿತು. ಅದರ ಎರಡು ಕಣ್ಣು ಬಿಟ್ಟು ಮೈಯೆಲ್ಲಾ ಹಳದಿ.

ಆಗಷ್ಟ ಒಳಗ ಹೋಗಿ ರೊಟ್ಟಿ ಬಡಿಯಾಕ ಕುಂತಿದ್ದ ಹೆಂಡ್ತಿ ಹಿಟ್ಟಿನ ಕೈಲೆ ಹೊರಗ ಬಂದ್ಳು. ನೋಡಿದಾಕಿನ ಬಾಯಿ ಮ್ಯಾಲ ಕೈ ಇಟಗೊಂಡ್ಳು. "ಅಯ್ಯ ಅಕ್ಕೋರ! ನಿಮ್ಮ ಮಗಳು ತಾನ ಅರಿಷಿಣ ಹಚಗೊಂಡ ಬಿಟ್ಟಾಳಲ್ರಿ! ಇನ್ನ ಹೊಳ್ಳಿ ಕರಕೊಂಡ ಹೋಗೂ ಪದ್ಧತಿ ಎಲ್ಲೈತ್ರಿ?"

ಅಕ್ಕೋರು ಅಷ್ಟೊತ್ತಿನ ತನಕ ಬಿಗಿ ಹಿಡದಿದ್ದ ನಗಿ ಒಮ್ಮೆಲೆ ಬಿಟ್ರು. ಕಣ್ಣಾಗ ನೀರ ಬರೂ ತನಕ ನಕ್ರು. ಆಮ್ಯಾಲ ಸೆರಗಿಲೆ ಕಣ್ಣು ಒರಸ್ಕೊಂಡು ನನ್ನ ಕೇಳಿದ್ರು: "ಹಿಂಗ ದಿನಾ ಮಾಡತೈತ್ರಿ. ಹೊಳ್ಳಿ ಕಳಸೂದಿಲ್ಲ ಹೌದಿಲ್ಲ?"

ಅದಕ್ಕೂ ಹೆಂಡ್ತಿನ ಉತ್ತರ ಕೊಟ್ಳು. "ಅರಿಷಿಣ ಹಚ್ಚಿದ ಹುಡುಗಿನ್ನ ಹೊಳ್ಳಿ ಕಳಿಸಿದ ಮನೆತನ ನಮ್ಮದಲ್ರಿ."

"ಸರಪಳಿ ಸಂತಿಗೆ ಹೊಳ್ಳಿ ಕಳಸ್ತೇನ್ರಿ" ಅಂದೆ ನಾ, ಬಿದ್ದಲ್ಲಿಂದನ. "ಮರಿನ್ನ ಇಲ್ಲ. ಮೊಣಕಾಲಿಗಿ ಬ್ಯಾನಿ ಐತ್ರಿ, ಸುಳ್ಳ ಹೇಳಿದೆ. ನಾ ಸೋತಾಗ ಅದು ಓಡಲಿ, ನಾ ಕುಂತ ನೋಡತೇನಿ."

ಅಕ್ಕೋರು ಮರಿ ಎತ್ತಿ ಮೊಮ್ಮಗಳ ಕೈಯಾಗ ಇಟ್ರು. "ತಗೋ ಅವ್ವಿ, ನಿಮ್ಮ ಮನೀದು." ನಾ ಅಂಗಳಕ್ಕ ಹೋಗಿ ಒದರಿದ್ದು ಆಗ.

"ಸಾಕ ಮಾಡ್ರಿ ಮಾಂವಾರ, ಹೊತ್ತ ಮುಳಗಾಕತ್ತೈತಿ!" ಅಂತ ಸೊಸಿ ಒಳಗಿಂದ ಕರದ್ಳು. ಹೊತ್ತು ಮುಳುಗಿದ ಮ್ಯಾಲ ನಮ್ಮ ಮನ್ಯಾಗ ಯಾರೂ ತುತ್ತು ಎತ್ತೂದಿಲ್ಲ. ಮರಿಗೆ ಜಳಕ ಮಾಡ್ಸಾಕೂ ವ್ಯಾಳೆ ಇರಲಿಲ್ಲ. ದಿನಾ ಗಂಡಸರಿಗೆ ನೀಡಿ ಆಮ್ಯಾಲ ಉಣ್ಣೂ ಹೆಣ್ಣಮಕ್ಕಳೂ ಅವತ್ತು ತಾಟು ಹಿಡಕೊಂಡು ಸಾಲಿನಾಗ ಕುಂತ್ರು. ಅಕ್ಕೋರು ನಡುವ. ಬಿಸಿ ರೊಟ್ಟಿ, ಹೆಸರಕಾಳು ಪಲ್ಯೆ, ಗಟ್ಟಿ ಮೊಸರು, ಸೊಸಿ ಯಾವಾಗ ಮಾಡಿಟ್ಟಿದ್ಳೋ ಗೋದಿ ಹುಗ್ಗಿ. ನನ್ನ ಕೈ, ಮಗನ ಕೈ, ಮೊಮ್ಮಗಳ ಗಲ್ಲ ಎಲ್ಲಾ ಹಳದಿ. "ಹುಗ್ಗಿ ಇನ್ನಷ್ಟ ನೀಡ್ಲೇನ್ರಿ ಬೀಗ್ತೇರ?" ಅಂದ್ಳು ಹೆಂಡ್ತಿ ಅಕ್ಕೋರಿಗೆ. "ನೀಡ್ರಿ ಬೀಗ್ತೇರ" ಅಂದ್ರು ಅವರು.

ಮರಿ ತನ್ನ ಹಾಲು ರೊಟ್ಟಿ ಎಲ್ಲರಕಿಂತ ಮೊದಲ ಮುಗಿಸಿ ನನ್ನ ತಾಟಿನ ರೊಟ್ಟಿಗೆ ಬಾಯಿ ಹಾಕಿತು. ನಾ ಹೆದರಿ ಹೆಂಡ್ತಿ ಮಾರಿ ನೋಡಿದೆ. ಆಕಿ ಏನೂ ಕಂಡಿಲ್ಲದವರಂಗ ಬುಟ್ಟ್ಯಾಗಿಂದ ಎರಡು ರೊಟ್ಟಿ ತಗದು ನನ್ನ ಕಡೆ ಸರಿಸಿದ್ಳು.