ರೊಟ್ಟಿಯ ಬಡಿತಕ್ಕೆ ಕೂಡಿದ ದಪ್ಪ ತಂತಿ

ಆಳಂದದ ಬಸ್ ನಿಲ್ದಾಣದ ಹಿಂದಿನ ಓಣಿ. ಬೆಳಕು ಈಗಷ್ಟೇ ಹರಿಯುತ್ತಿದೆ. ಒಲೆಯ ಮುಂದೆ ಕುಳಿತ ಶಿವಕಾಂತಾ ಹಲಗೆಯ ಮೇಲೆ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಮೊಳದಷ್ಟು ದೂರದಲ್ಲಿ, ಕಾಳಿನ ಚೀಲಕ್ಕೆ ಬೆನ್ನು ಕೊಟ್ಟು ಅವರ ಗಂಡ ದೌಲತರಾಯ ಕುಳಿತಿದ್ದಾರೆ. ತೊಡೆಯ ಮೇಲೆ ಬಣ್ಣ ಹೋದ ಬೇಸ್ ಗಿಟಾರ್. ವೈರಿಲ್ಲ, ಸ್ಪೀಕರ್ ಬಾಕ್ಸಿಲ್ಲ. ಹೆಬ್ಬೆರಳು ದಪ್ಪ ತಂತಿಯ ಮೇಲೆ ಬಿದ್ದು ಪುಟಿಯುತ್ತದೆ, ತೋರುಬೆರಳು ಸಣ್ಣ ತಂತಿಯನ್ನು ಎಳೆದು ಬಿಡುತ್ತದೆ. ಗುಂ, ಟಕ್. ಹೆಂಚಿನ ಮೇಲೆ ರೊಟ್ಟಿ ಉಬ್ಬುತ್ತದೆ.

ಹೆಂಡತಿ ಖಾನಾವಳಿಗಳಿಗೆ ರೊಟ್ಟಿ ಕೊಡುತ್ತಾರೆ. ಗಂಡ ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತಾರೆ. ಮದುವೆಯ ಹಂಗಾಮು ಬಂತೆಂದರೆ ಸಂಜೆ ಕೈಕಾಲು ತೊಳೆದು, ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡು, ಅಮರಜಾ ಆರ್ಕೆಸ್ಟ್ರಾದ ಟೆಂಪೊ ಹತ್ತುತ್ತಾರೆ. ವೇದಿಕೆಯಲ್ಲಿ ಡ್ರಮ್ಮಿನ ಹಿಂದೆ, ದೀಪ ಬೀಳದ ಮೂಲೆಯಲ್ಲಿ ನಿಲ್ಲುತ್ತಾರೆ.

ಕಿಣ್ಣಿ ಸುಲ್ತಾನದಿಂದ ಕೆಲಸ ಹುಡುಕಿಕೊಂಡು ಬಂದ ದೌಲತರಾಯ, ಎಪ್ಪತ್ತೆಂಟರ ಇಸವಿಯಲ್ಲಿ ಈ ತಂಡ ಸೇರಿದ್ದು ಬಾಕ್ಸು ಹೊರಲು. ಬೇಸ್ ಬಾರಿಸುತ್ತಿದ್ದವನು ಸೊಲ್ಲಾಪುರಕ್ಕೆ ಹೋಗಿಬಿಟ್ಟ. ಅವನ ಜಾಗ ಯಾರಿಗೂ ಬೇಕಿರಲಿಲ್ಲ.

"ಎಲ್ಲಾರಿಗೂ ಹಾಡಬೇಕು, ಇಲ್ಲಾ ಮುಂದ ನಿಂತು ಸಣ್ಣ ಗಿಟಾರ್ ಬಾರಿಸಬೇಕು," ಎಂದು ಅವರು ನಗುತ್ತಾರೆ. "ಗಾಯಕ ಖಾದರಸಾಬರು ನನ್ನ ಕೈ ಹಿಡಿದು ನೋಡಿದ್ರು. ಬಾಕ್ಸ್ ಹೊತ್ತು ಗಟ್ಟಿ ಆಗ್ಯಾವ, ಇವು ತಂತಿ ತಾಳ್ತಾವ ಅಂದ್ರು. ಅಷ್ಟೇರಿ ನನ್ನ ಪರೀಕ್ಷಾ."

ಖಾದರಸಾಬರು ಕಲಿಸಿದ ನಾಲ್ಕಾರು ವರಸೆಗಳಲ್ಲೇ ವರ್ಷಗಳು ಕಳೆದವು. ಹಾಡು ಯಾವುದೇ ಇರಲಿ, ಬೆರಳು ಅದೇ ದಾರಿಯಲ್ಲಿ ನಡೆಯುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ, ಅವರೂ ಹೊಸದು ಹುಡುಕಲಿಲ್ಲ. ಅಷ್ಟರಲ್ಲಿ ಜೇವರ್ಗಿಯ ಹುಡುಗ ರಾಘವೇಂದ್ರ ಕೀಬೋರ್ಡ್ ಹಿಡಿದು ತಂಡಕ್ಕೆ ಬಂದ. ಬಲಗೈಯಲ್ಲಿ ರಾಗ, ಎಡಗೈಯಲ್ಲಿ ಬೇಸ್. ಮಾಲೀಕ ದತ್ತಪ್ಪ ಕೆಟ್ಟವರಲ್ಲ. ಒಂದು ಸಂಜೆ ಟೆಂಪೊದ ಬಾಗಿಲಲ್ಲೇ ನಿಂತು, ನೆಲ ನೋಡುತ್ತ ಹೇಳಿದರು: "ದೌಲತಪ್ಪಾ, ಕೀಬೋರ್ಡ್ ಇಟ್ಟಮ್ಯಾಲ ಜಾಗಾ ಸಾಲವಲ್ದು. ಇವತ್ತ ಮನ್ಯಾಗ ಇರು."

ಆ 'ಇವತ್ತು' ಒಂದು ಹಂಗಾಮು ಪೂರ್ತಿ ಮುಗಿಯಲಿಲ್ಲ.

ಗಿಟಾರನ್ನು ಕೌದಿಯಲ್ಲಿ ಸುತ್ತಿ ಮೂಲೆಗೆ ಇಟ್ಟರು. ಗಿರಣಿಯಿಂದ ಬಂದವರು ಉಂಡು ಗೋಡೆಗೆ ಮುಖ ಮಾಡಿ ಮಲಗುವರು. "ಹೊಸಾದು ಕಲ್ತು ಜಾಗಾ ಉಳಿಸ್ಕೋ ಅಂತ ಖಾದರಸಾಬರು ಹೇಳಿ ಹೇಳಿ ಸೋತ್ರು," ಎನ್ನುತ್ತಾರೆ. "ನಲವತ್ತು ದಾಟಿತ್ತು. ಬೆರಳು ಬಗ್ಗವಲ್ವು, ಮನಸ್ಸೂ ಬಗ್ಗವಲ್ದು. ಯಾರ ಸಲುವಾಗಿ ಕಲೀಲಿ ಅನಿಸ್ತಿತ್ತು."

ಚಳಿ ಬಿತ್ತು. ಒಂದು ನಸುಕಿನಲ್ಲಿ ಶಿವಕಾಂತಾ ಗಿಟಾರಿನ ಮೇಲಿನ ಕೌದಿ ಬಿಚ್ಚಿ ಮಕ್ಕಳಿಗೆ ಹೊದಿಸಿದರು. ಗಿಟಾರನ್ನು ತಂದು ಗಂಡನ ಮಡಿಲಿಗಿಟ್ಟರು.

"ಇದನ್ನ ಎಲ್ಲಿ ಇಡ್ಲಿರಿ? ನೆಲ ಥಂಡಿ ಅದ."

ಎಲ್ಲಿಡಬೇಕೆಂದು ತೋಚದೆ ದೌಲತರಾಯ ಹಿಡಿದುಕೊಂಡೇ ಕುಳಿತರು. ಶಿವಕಾಂತಾ ಒಲೆ ಹೊತ್ತಿಸಿ, ಹಿಟ್ಟು ನಾದಿ, ಬಡಿಯಲು ತೊಡಗಿ, ತಿರುಗಿ ನೋಡದೆ ಅಂದರು: "ಹಿಡಕೊಂಡು ಕುಂತೀರಿ, ಬಾರಿಸ್ರಿ. ಒಬ್ಬಾಕಿನೇ ಬಡ್ದು ಬಡ್ದು ಬ್ಯಾಸರ ಬಂದದ. ಜೋಡಿ ಆಗ್ತದ."

ಕಲಿ ಅನ್ನಲಿಲ್ಲ, ಜಾಗ ಉಳಿಸಿಕೋ ಅನ್ನಲಿಲ್ಲ. ಜೋಡಿ ಬೇಕು ಅಂದರು, ಅಷ್ಟೆ. ಅಂದಿನಿಂದ ನಸುಕಿನಲ್ಲಿ ರೊಟ್ಟಿಯ ಬಡಿತವೇ ಅವರ ತಾಳವಾಯಿತು. ಹಳೆಯ ವರಸೆಗಳು ಆ ಬಡಿತಕ್ಕೆ ಕೂಡಲಿಲ್ಲ. ಕೂಡದಾದಾಗ ಬೇರೆ ದಾರಿ ಹುಡುಕಬೇಕಾಯಿತು. ಎಷ್ಟೋ ವರ್ಷದ ಮೇಲೆ ಮೊದಲ ಸಲ ಬೆರಳಿಗೆ ಹೊಸ ಹಾದಿಯ ಹಸಿವಾಯಿತು.

ಆಗಲೇ ಖಾದರಸಾಬರು ಹೈದರಾಬಾದಿನಿಂದ ತಂದ ಕ್ಯಾಸೆಟ್ಟೊಂದು ಕೈಗೆ ಬಂದದ್ದು. ಅದರಲ್ಲೊಂದು 'ಟಕ್' ಸದ್ದು. ಹೊಸ ಡ್ರಮ್ಮೇನೋ ಅಂದುಕೊಂಡರು ದೌಲತರಾಯ. "ಡ್ರಮ್ಮಲ್ಲ ಭಾಯಿ, ನಿಂದೇ ವಾದ್ಯ. ಹೆಬ್ಬಟ್ಟಿಲೆ ಹೊಡೀತಾರ," ಎಂದರು ಖಾದರಸಾಬರು. ದೌಲತರಾಯ ಹೊಡೆದರು, ಹೊಡೆದೇ ಹೊಡೆದರು. ಹೆಬ್ಬೆರಳು ಬಾತು ಗಿರಣಿಯಲ್ಲಿ ಚೀಲದ ಬಾಯಿ ಕಟ್ಟುವುದೂ ಕಷ್ಟವಾಯಿತು. ತಂತಿ ಮಾತ್ರ ಸತ್ತಂತೆ 'ದಬ್' ಎನ್ನುತ್ತಿತ್ತು. ಒಂದು ಬೆಳಗ್ಗೆ ಗಿಟಾರ್ ಕೆಳಗಿಟ್ಟು, "ಇದು ನನ್ನ ಕೈಲೆ ಆಗೂದಲ್ಲ ಬೇ," ಅಂದುಬಿಟ್ಟರು.

ಶಿವಕಾಂತಾ ಹಿಟ್ಟಿನ ಕೈಯಲ್ಲೇ ಹತ್ತಿರ ಬಂದು ಬಾತ ಬೆರಳು ನೋಡಿದರು. "ಹೊಡದಲ್ಲೇ ಕೈ ಇಟ್ಟಬಿಡ್ತೀರಿ. ನಾ ಹಂಗ ಇಟ್ರ ಹಿಟ್ಟು ಕೈಗೆ ಹತ್ತಿ ರೊಟ್ಟಿ ಹರೀತದ. ಬಡದ ಕೂಡ್ಲೆ ಎತ್ತಬೇಕ್ರಿ." ಹೇಳಿ ಮತ್ತೆ ಹಲಗೆಯ ಮುಂದೆ ಕುಳಿತರು.

ದೌಲತರಾಯ ಹೆಂಡತಿಯ ಅಂಗೈಯನ್ನೇ ನೋಡುತ್ತ ಕುಳಿತರು. ಅದು ಬೀಳುವುದಕ್ಕಿಂತ ಏಳುವುದೇ ಚುರುಕಾಗಿತ್ತು. ಮದುವೆಯಾದಾಗಿನಿಂದ ಉಂಡ ರೊಟ್ಟಿ. ಆ ಕೈಯನ್ನು ಇಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಹೆಬ್ಬೆರಳನ್ನು ಹಾಗೇ ಬೀಳಿಸಿ, ಹಾಗೇ ಎತ್ತಿದರು. ತಂತಿ ಬಾಯಿಬಿಟ್ಟಿತು.

"ಅವತ್ತು ಗಿರಣಿಗೆ ತಡಾ ಆಯ್ತು. ಸಾಹುಕಾರ ಬೈದ. ಏನು ಬೈದನೋ ಒಂದೂ ಕೇಳಸ್ಲಿಲ್ರಿ," ಎನ್ನುವಾಗ ಅವರ ಮುಖ ಅರಳುತ್ತದೆ.

ಮುಂದಿನದು ರಾಘವೇಂದ್ರನ ದೊಡ್ಡತನ. ಊರಿಗೆ ಹೋಗುವ ಮುನ್ನ ಬುತ್ತಿಗೆ ರೊಟ್ಟಿ ಒಯ್ಯಲು ಬಂದವನು ಬಾಗಿಲಲ್ಲೇ ನಿಂತು ಕೇಳಿದ. ಒಳಗೆ ಬಂದು ಚಪ್ಪಲಿ ಬಿಟ್ಟು ಕುಳಿತ. "ಕಾಕಾ, ಇನ್ನೊಮ್ಮೆ ಬಾರಿಸ್ರಿ," ಎಂದು ಕೇಳಿ ಕೇಳಿ ಬಸ್ಸು ತಪ್ಪಿಸಿಕೊಂಡ. ಅದೇ ಮಧ್ಯಾಹ್ನ ದತ್ತಪ್ಪನವರ ಮುಂದೆ ನಿಂತು, "ನನ್ನ ಎಡಗೈಗೆ ಇದು ಬರಂಗಿಲ್ರಿ. ಕೀಬೋರ್ಡಿನ ಸ್ಟ್ಯಾಂಡು ಟೆಂಪೊದ ಟಾಪ್ ಮ್ಯಾಲ ಕಟ್ರಿ, ಕಾಕಾಗ ಜಾಗಾ ಆಗ್ತದ," ಎಂದ. ದತ್ತಪ್ಪ ತಾವೇ ಹಗ್ಗ ತಂದರು.

ಅಫಜಲಪುರದ ಮದುವೆಯೊಂದರಲ್ಲಿ ಮೊದಲ ಸಲ ಆ ವರಸೆ ದೊಡ್ಡ ಬಾಕ್ಸಿನಿಂದ ಹೊರಬಂತು. ಜನ ಗಾಯಕನನ್ನೇ ನೋಡುತ್ತಿದ್ದರು. ಖಾದರಸಾಬರು ಮಾತ್ರ ಹಾಡುತ್ತಲೇ ಹಿಂದೆ ತಿರುಗಿ, ಎದೆಯ ಮೇಲೆ ಕೈಯಿಟ್ಟರು. ಊಟದ ಪಂಕ್ತಿಯಲ್ಲಿ ಯಾರೋ ಹಿರಿಯರು ದೌಲತರಾಯರನ್ನು, "ನೀವು ಏನು ಬಾರಸ್ತೀರಿ?" ಎಂದು ಕೇಳಿದರು. "ದಪ್ಪ ತಂತಿರಿ," ಎಂದು ಹೇಳಿ ಉಣ್ಣತೊಡಗಿದರು.

ಈಗ ಅವರು ತಂತಿಯ ಮೇಲೆ ಬೆರಳು ಜಾರಿಸುವುದನ್ನು ಕಲಿಯುತ್ತಿದ್ದಾರೆ. ಕ್ಯಾಸೆಟ್ ಕೇಳುತ್ತ ಒಮ್ಮೊಮ್ಮೆ ಸಿಟ್ಟಾಗುತ್ತಾರೆ. ಮರುದಿನ ಒಲೆ ಹೊತ್ತುವ ಹೊತ್ತಿಗೆ ಮತ್ತೆ ಕುಳಿತಿರುತ್ತಾರೆ. ಬೇರೇನು ಬೇಕು ಎಂದರೆ ಹೇಳುತ್ತಾರೆ: "ಈಕಿ ಒಂದು ಪ್ರೋಗ್ರಾಮಿಗೂ ಬಂದಿಲ್ರಿ. ಸಂಜೀ ರೊಟ್ಟಿ ಬಿಡಂಗಿಲ್ಲ. ನನ್ನ ವಾದ್ಯ ಕರೆಂಟಿನ ಮ್ಯಾಲ ಹೆಂಗ ಕೇಳಸ್ತದ ಅಂತ ಈಕಿಗೆ ಗೊತ್ತೇ ಇಲ್ಲ. ಒಮ್ಮೆ ಆಳಂದದಾಗೇ ಪ್ರೋಗ್ರಾಮ್ ಆಗ್ಬೇಕು, ಬಾಕ್ಸಿನ ಮಗ್ಗಲಕ್ಕೇ ಈಕೀನ್ನ ಕುಂದ್ರಸಬೇಕು."

ಶಿವಕಾಂತಾ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾರೆ.

"ಬರ್ತೇನ್ರಿ," ಎನ್ನುತ್ತಾರೆ. "ಖರೆ, ಅಷ್ಟು ಮಂದ್ಯಾಗ ನೀವು ತಪ್ಪಿದ್ರ ನನಗೊಬ್ಬಾಕಿಗೆ ಗೊತ್ತಾಗ್ತದ, ನೋಡ್ರಿ."